ಇನ್ನೊಂದು ಸ್ಪೂನ್

ಬಚ್ಚಲ ಬಾಗಿಲನ್ನು ಅವಳು ಅಂಗೈಯಿಂದ ಮತ್ತೆ ಬಡಿದಳು.

“ಮಾವ, ಒಳಗೇನ್ ಮಾಡ್ತಿದೀರಿ? ಇನ್ಸುಲಿನ್ ಚುಚ್ಕೊಂಡ್ರಾ?”

ಚಿಲಕ ಸರಿಯಿತು. ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿಕೊಳ್ಳುತ್ತ ಸೋದರಮಾವ ಹೊರಬಂದರು.

“ಚುಚ್ಕೊಂಡೆ. ಹೊತ್ತಿಗೆ ಸರಿಯಾಗಿ. ನಿಮ್ಮಮ್ಮ ಹೇಳ್ಕೊಟ್ಟ ಹಾಗೇ.”

“ತಿಂಡಿ?”

“ತಂಗಿ ಅಲ್ಲಿ ಹಾಗೆ ಮಲಗಿರೋವಾಗ ನನ್ನ ಗಂಟಲಲ್ಲಿ ತಿಂಡಿ ಇಳಿಯುತ್ತೇನೇ?”

“ಇಳಿಯಲ್ಲ ಅಂದ್ಮೇಲೆ ಚುಚ್ಕೊಂಡಿದ್ಯಾಕೆ? ಹೊಟ್ಟೇಲಿ ಊಟ ಇದೆ ಅಂದ್ಕೊಂಡು ಅದು ತನ್ನ ಕೆಲಸ ಮಾಡುತ್ತೆ. ಮನೇಲಿ ಸಾವಾಗಿದೆ ಅಂತ ಅದಕ್ಕೆ ಗೊತ್ತಾಗಲ್ಲ ಮಾವ!”

“ಶುರು ಮಾಡಿದ್ಯಾ? ಥೇಟ್ ಅವಳೇ,” ಎಂದು ಮಾವ ಕಣ್ಣೊರೆಸಿಕೊಂಡರು.

ಅಳುವವರ ಜೊತೆ ಜಗಳವಾಡುವುದು ಹೇಗೆ? ಅವಳು ಅಡುಗೆಮನೆಗೆ ಹೋಗಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಟ್ಟೆಗೆ ಹಾಕಿ ತಂದು ಅವರ ಕೈಗೆ ಹಿಡಿಸಿದಳು. ತಿರುಗಿ ನೋಡುವಷ್ಟರಲ್ಲಿ ತಟ್ಟೆ ಕಿಟಕಿಯ ಕಟ್ಟೆಯ ಮೇಲೆ ಕೂತಿತ್ತು. ಮಾವ ಬಂದವರಿಗೆ ಕುರ್ಚಿ ಹಾಕುತ್ತಿದ್ದರು. ಕೂದಲು ಹಣ್ಣಾಗುವವರೆಗೆ ಶಾಲೆಯಲ್ಲಿ ಡ್ರಿಲ್ ಮಾಡಿಸಿದ ಮೇಷ್ಟ್ರು. ಅವರು ಹಾಕಿದ ಕುರ್ಚಿಗಳೂ ಒಂದು ತೋಳಿನ ಅಂತರದಲ್ಲಿ ಸೆಟೆದು ನಿಂತಿದ್ದವು.

ಹಜಾರದಲ್ಲಿ ಅಮ್ಮ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ಬಾಗಿಲು ದಾಟಿ ಬಂದವರು ಅಮ್ಮನ ಮುಖ ನೋಡುತ್ತಿದ್ದರು, ಆಮೇಲೆ ಮಗಳ ಮುಖ ನೋಡುತ್ತಿದ್ದರು, ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿಯೇ ಬಿಡುತ್ತಿದ್ದರು.

“ಊರಿಗೆಲ್ಲ ಪಥ್ಯ ಹೇಳ್ತಿದ್ದೋಳಿಗೇ ಹೀಗಾಯ್ತಲ್ಲಮ್ಮ.”

“ಸಕ್ಕರೆ ಮುಟ್ಟಲ್ಲ, ಕರಿದಿದ್ದು ಮುಟ್ಟಲ್ಲ. ಏನ್ ಬಂತು ಹೇಳು? ಅರವತ್ತನ್ನೂ ದಾಟ್ಲಿಲ್ಲ.”

ಅಮ್ಮ ಎರಡನ್ನೂ ಮುಟ್ಟುತ್ತಿದ್ದಳು. ಕರಿದದ್ದನ್ನಂತೂ ಆಸ್ಪತ್ರೆಯ ಕೆಲಸ ಮುಗಿಸಿ ಬರುವ ದಾರಿಯಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಮನೆಯ ಗೇಟು ಬರುವಷ್ಟರಲ್ಲಿ ಮುಗಿಸಿರುತ್ತಿದ್ದಳು. ಹೇಳಿದರೆ ಯಾರು ನಂಬುತ್ತಾರೆ? ನೆಂಟರ ಪಾಲಿಗೆ ಅವಳು ಅದು ಬೇಡ, ಇದು ಬೇಡ ಅನ್ನುವ ‘ಬೇಡಮ್ಮ’. ಅವಳು ಬಂದಳೆಂದರೆ ತಿನ್ನುವ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚುತ್ತಿದ್ದರು.

ಪಕ್ಕದ ಮನೆಯ ಲಿಂಬು ಆಂಟಿ ಬಂದು ಅವಳ ಕೈ ಹಿಡಿದುಕೊಂಡರು. ನೆಗಡಿಯಿಂದ ಹಿಡಿದು ಗಂಡನ ಸಿಟ್ಟಿನವರೆಗೆ ಎಲ್ಲಕ್ಕೂ ನಿಂಬೆರಸ ಹೇಳಿ ಸಂಪಾದಿಸಿದ ಹೆಸರು ಅದು.

“ಬೆಳಗ್ಗೆ ಖಾಲಿ ಹೊಟ್ಟೇಲಿ ಬಿಸಿನೀರಿಗೆ ಒಂದು ನಿಂಬೆಹಣ್ಣು. ಎಷ್ಟು ಬಡ್ಕೊಂಡೆ ನಿಮ್ಮಮ್ಮಂಗೆ. ಕೇಳಿದ್ರಾ?”

“ಹೊಟ್ಟೇಲಿ ಕ್ಯಾನ್ಸರ್ ಆಗಿತ್ತು ಆಂಟಿ. ನಿಂಬೆಹಣ್ಣಿಗೆ ಹೋಗಲ್ಲ.”

“ಹಾಗಂತ ಡಾಕ್ಟ್ರು ಹೇಳ್ತಾರೆ.”

ಹೊರಗೆ ಶವವಾಹನದ ಹಾರ್ನ್ ಕೇಳಿಸಿತು. ಹಿಡಿ, ಎತ್ತು, ಸರಿ ಎನ್ನುವ ಗಡಿಬಿಡಿಯಲ್ಲಿ ಕಿಟಕಿಯ ಕಟ್ಟೆಯ ತಟ್ಟೆ ಅಲ್ಲೇ ಉಳಿಯಿತು.

*

ಅಮ್ಮ ಕಾಲೇಜಿಗೆ ಸೇರಿದ ಕತೆಯನ್ನು ಅಮ್ಮ ಒಂದು ಥರ ಹೇಳುತ್ತಿದ್ದಳು, ಮಾವ ಇನ್ನೊಂದು ಥರ. ಇಬ್ಬರೂ ಒಪ್ಪುತ್ತಿದ್ದದ್ದು ಇಷ್ಟು: ಆಹಾರ ಮತ್ತು ಪೋಷಣೆ ಓದುತ್ತೇನೆ ಎಂದು ಅವಳು ಹೇಳಿದಾಗ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಅಡುಗೆ ಕಲಿಯೋಕೆ ಕಾಲೇಜು ಬೇಕೇನೇ? ಅಮ್ಮ ಒಲೆ ಮುಂದೆ ಪುಕ್ಕಟೆ ಕಲಿಸ್ತಾಳಲ್ಲ!”

ಮೊದಲ ವರ್ಷ ಜೀವರಸಾಯನಶಾಸ್ತ್ರದ ದಪ್ಪ ಪುಸ್ತಕ ತಂದು ಅಣ್ಣನ ಮುಂದೆ ಕುಕ್ಕಿ, “ತಗೋ, ಇದರಲ್ಲಿ ಅಡುಗೆ ಯಾವ ಪುಟದಲ್ಲಿದೆ ಹುಡುಕು,” ಅಂದಳಂತೆ.

ಎರಡನೇ ವರ್ಷ ಓದುವವರೆಲ್ಲ ಒಂದು ವಾರ ರೋಗಿಗಳ ಪಥ್ಯವನ್ನೇ ತಿಂದು ನೋಡಬೇಕಿತ್ತು. ಅಮ್ಮನ ಪಾಲಿಗೆ ಬಂದದ್ದು ಉಪ್ಪಿಲ್ಲದ್ದು. ತಾನು ಮಾಡಿದ ಸೂಪನ್ನು ಅಣ್ಣನಿಗೂ ಕೊಟ್ಟಳು. ಮಾವ ಸೀದಾ ಸಿಂಕಿಗೆ ಉಗಿದರು.

“ಥೂ! ನಾಯಿನೂ ಮೂಸಲ್ಲ ಇದನ್ನ.”

“ಹೃದಯ ಕೆಟ್ಟೋರು, ಕಿಡ್ನಿ ಕೆಟ್ಟೋರು ದಿನಾ ಇದನ್ನೇ ಕುಡೀಬೇಕು ಕಣೋ ಅಣ್ಣ. ಅವರು ಉಗೀದೆ ಇರೋ ಹಾಗೆ ಮಾಡೋದು ಹೇಗೆ ಅಂತಾನೇ ನಾನು ಓದ್ತಿರೋದು.”

ಆ ವಾರವೆಲ್ಲ ಬೆಳ್ಳುಳ್ಳಿ ಸುಟ್ಟು, ಈರುಳ್ಳಿ ಸುಟ್ಟು, ಕಾಳುಮೆಣಸು ಹುರಿದು ಸೂಪಿಗೆ ಹಾಕಿ ಹಾಕಿ ನೋಡಿದಳು. ವಾರದ ಕೊನೆಗೆ ಮಾವ ಒಂದು ಲೋಟ ಪೂರ್ತಿ ಕುಡಿದರಂತೆ. ಇದು ಅಮ್ಮನ ಮಾತು. ಮಾವನ ಪ್ರಕಾರ ಅರ್ಧ ಲೋಟ.

*

ಚಿತಾಗಾರದ ಎರಡು ವಿದ್ಯುತ್ ಒಲೆಗಳಲ್ಲಿ ಒಂದು ಕೆಟ್ಟಿತ್ತು. ಉಳಿದ ಒಂದರ ಮುಂದೆ ಬೇರೆ ಮನೆಯವರು ಕಾಯುತ್ತಿದ್ದರು.

“ಇನ್ನೆಷ್ಟು ಹೊತ್ತು?” ಎಂದು ಅವಳು ಕಿಟಕಿಯ ಹಿಂದಿದ್ದ ಗುಮಾಸ್ತನನ್ನು ಕೇಳಿದಳು.

“ನಾನೇನ್ ಮಾಡ್ಲಿ ಮೇಡಂ? ಮೆಷಿನ್ನು. ಅದಕ್ಕೂ ಮನುಷ್ಯರ ಹಾಗೇ ಕಾಯಿಲೆ ಬರುತ್ತೆ.”

ಅವಳು ಹಲ್ಲು ಕಚ್ಚಿಕೊಂಡು ಕಾಯುವ ಕೋಣೆಗೆ ವಾಪಸಾದಳು. ಪ್ಲಾಸ್ಟಿಕ್ ಕುರ್ಚಿಗಳು, ಗಿರಗಿರ ಸದ್ದಿನ ಫ್ಯಾನು. ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಓಡಿಬಂದ ನರ್ಸೊಬ್ಬರು ಬಾಗಿಲಲ್ಲಿ ನಿಂತು ಎಲ್ಲರನ್ನೂ ನೋಡಿದರು.

“ನೀವು ಇನ್ನೊಂದ್ ಸ್ಪೂನ್ ಮೇಡಂ ಮಗಳಲ್ವಾ?”

“ಇನ್ನೊಂದು ಏನು?” ಲಿಂಬು ಆಂಟಿ ಕೇಳಿದರು.

“ವಾರ್ಡಲ್ಲಿ ಎಲ್ಲರೂ ಕರೀತಿದ್ದಿದ್ದೇ ಹಾಗೆ. ಸ್ಟೂಲ್ ಎಳ್ಕೊಂಡು ಕೂತ್ರೆ ರೋಗಿ ತಿನ್ನೋವರೆಗೂ ಏಳ್ತಿರ್ಲಿಲ್ಲ. ಇನ್ನೊಂದ್ ಸ್ಪೂನ್, ಇನ್ನೊಂದೇ ಒಂದು. ಸರ್ಜನ್‌ಗೇ ಬೈದಿದ್ರು ಒಂದ್ಸಲ! ಸ್ಕ್ಯಾನು ಮುಂದಕ್ಕೆ ಹಾಕ್ಕೊಂಡು ಹಾಕ್ಕೊಂಡು ಪಾಪ ಒಬ್ಬ ಅಜ್ಜನ್ನ ಉಪವಾಸ ಕೆಡವಿದ್ರು. ‘ಹೊಲಿಗೆ ಹಾಕಿದ್ದೀರಲ್ಲ ಡಾಕ್ಟ್ರೇ, ಆ ಗಾಯ ಕೂಡೋಕೆ ಸಾಮಾನು ಎಲ್ಲಿಂದ ಬರುತ್ತೆ? ನಿಮ್ಮನೆಯಿಂದ ತರ್ತೀರಾ?’ ಅಂದ್ಬಿಟ್ರು.”

“ನಮ್ಮ ಬೇಡಮ್ಮ ಜನಕ್ಕೆ ತಿನ್ನಿಸ್ತಿದ್ರಾ?” ಆಂಟಿ ಮತ್ತೆ ಕೇಳಿದರು.

“ಮತ್ತಿನ್ನೇನು? ನಮ್ಮ ವಾರ್ಡಲ್ಲಿ ತಿಂದು ಕೆಡೋರಿಗಿಂತ ತಿನ್ನದೆ ಕೆಡೋರೇ ಜಾಸ್ತಿ.”

ಮಗಳಿಗೆ ಸಮಾಧಾನವಾಗುವ ಬದಲು ಮೈಯೆಲ್ಲ ಉರಿಯಿತು. ಇಷ್ಟು ವರ್ಷದಲ್ಲಿ ಒಬ್ಬರಾದರೂ ಅಮ್ಮನ ಕೆಲಸವೇನು ಎಂದು ಕೇಳಿದ್ದರೇ? ಬಾಳೆಹಣ್ಣು ತಿನ್ನಬಹುದೇ ಎಂದು ಮಾತ್ರ ಕೇಳಿದ್ದರು.

*

ಮಗಳೂ ಅದೇ ಓದು ಓದಿದವಳು. ಆಸ್ಪತ್ರೆ ಬೇಡವೆಂದು ಕ್ರೀಡಾಶಾಲೆಗೆ ಸೇರಿ ಓಟಗಾರರ ಊಟ ನೋಡಿಕೊಳ್ಳುತ್ತಿದ್ದಳು. “ಪುಣ್ಯವಂತೆ ನೀನು,” ಅನ್ನುತ್ತಿದ್ದಳು ಅಮ್ಮ. “ನಿನ್ನ ಮಕ್ಕಳು ಕೊಟ್ಟಿದ್ದೆಲ್ಲ ತಿಂತಾವೆ. ತಟ್ಟೆನೂ ಬಿಡಲ್ಲ.”

ಅಮ್ಮ ಹಾಸಿಗೆ ಹಿಡಿದ ಮೇಲೆ ಮಗಳು ರಜೆ ಹಾಕಿ ಬಂದಳು. ಹಾಲು, ಮೊಟ್ಟೆ, ಪ್ರೋಟೀನ್ ಪುಡಿ, ಮೇಲೊಂದಿಷ್ಟು ಎಣ್ಣೆ, ಎಲ್ಲ ಅಳೆದು ತಿರುವಿ ಬಟ್ಟಲಲ್ಲಿ ತಂದರೆ ಅಮ್ಮ ಮೂಗು ಮುರಿಯುತ್ತಿದ್ದಳು.

“ಎಣ್ಣೆ ತೇಲ್ತಿದೆ.”

“ತೇಲ್ಲಿ. ಕ್ಯಾಲೊರಿ ಬೇಕಲ್ವಾ?”

“ನನಗೆ ಪಾಠ ಹೇಳ್ಬೇಡ. ಈ ಮಿಶ್ರಣ ವಾರ್ಡಿಗೆ ತಂದಿದ್ದೇ ನಾನು.”

“ಹಾಗಾದ್ರೆ ಕುಡಿ! ಒಂದು ವಾರ್ಡಿಗೇ ಕುಡಿಸಿದ್ದೀಯಲ್ಲ, ನಿನಗೇನು ಧಾಡಿ?”

ಅಮ್ಮ ಗೋಡೆಯ ಕಡೆ ತಿರುಗುತ್ತಿದ್ದಳು. ದಿನವೂ ಇದೇ ರಾಮಾಯಣ. ಬಟ್ಟಲು ಆರಿ, ಕೆನೆಗಟ್ಟಿ, ಸಿಂಕಿಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ರೇಗಿ ರೇಗಿ ಸಾಕಾಗಿ ಅವಳು ಮಂಚದ ಪಕ್ಕ ಕೂತು ಅತ್ತುಬಿಟ್ಟಳು. ಅಮ್ಮ ಅವಳ ಮೊಣಕೈ ಮುಟ್ಟಿದಳು.

“ನೀನು ಬಟ್ಟಲಲ್ಲಿ ಎಷ್ಟು ಉಳೀತು ಅಂತ ನೋಡ್ತೀಯ. ನನ್ನ ಮುಖ ನೋಡು ಮಾರಾಯ್ತಿ. ಗಂಟಲಿಗೆ ಬಂದು ನಿಲ್ತಿದೆ. ಇದು ಹಟ ಅಲ್ಲ.”

ಅವಳು ನೋಡಿದಳು. ಅಮ್ಮ ಹೇಳಿದ್ದು ನಿಜವಾಗಿತ್ತು. ಅಂದಿನಿಂದ ಬಟ್ಟಲು ತರಲಿಲ್ಲ. ಅಮ್ಮ ಕೇಳಿದಾಗ ಐಸಿನ ಚೂರು ತುಟಿಗೆ ಇಡುತ್ತಿದ್ದಳು. ಆ ಐಸಿಗೂ ಅಮ್ಮ, “ದೊಡ್ಡದಾಯ್ತು, ಒಡೆದು ಕೊಡ್ಬಾರ್ದಾ?” ಎಂದು ಗೊಣಗುತ್ತಿದ್ದಳು.

*

“ಸಾಲಾಗಿ ನಿಲ್ಲಿ!”

ಕಾಯುವ ಕೋಣೆಯ ಆಚೆ ಬದಿಯಿಂದ ಗುಡುಗು ಕೇಳಿಸಿತು. ಮಾವ ಬೇರೆ ಮನೆಯವರ ಮುಂದೆ ನಿಂತು ತೋಳು ಬೀಸುತ್ತಿದ್ದರು.

“ಎಡಕ್ಕೆ ತಿರುಗ್! ಏಯ್ ದಪ್ಪಗಿರೋನೇ, ನಿನಗೆ ಹೇಳಿದ್ದು!”

“ಪಾಪ, ದುಃಖ ತಲೆಗೇರಿದೆ,” ಎಂದಿತು ಒಂದು ದನಿ.

“ಒಬ್ಬಳೇ ತಂಗಿ. ಅತ್ತು ಹಗುರಾಗ್ಲಿ ಬಿಡಿ.”

ಅವಳು ಕುರ್ಚಿಗಳನ್ನು ತಳ್ಳಿಕೊಂಡು ಓಡಿದಳು. ಮಾವನ ಹಣೆಯಿಂದ ಬೆವರು ಸುರಿಯುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಕೈ ಹಿಡಿದರೆ ತಣ್ಣಗೆ, ಗಡಗಡ ನಡುಗುತ್ತಿತ್ತು.

“ದುಃಖ ಅಲ್ಲ! ಶುಗರ್ ಇಳಿದುಹೋಗಿದೆ! ಜ್ಯೂಸ್ ತನ್ನಿ, ಸಕ್ಕರೆ ತನ್ನಿ, ಏನಾದ್ರೂ ತನ್ನಿ!”

ನರ್ಸು ಆಗಲೇ ಹೊರಗೆ ಓಡಿದ್ದರು. ಗೇಟಿನ ಅಂಗಡಿಯಿಂದ ದ್ರಾಕ್ಷಿ ಜ್ಯೂಸಿನ ಬಾಟಲಿ ತಂದರು. ಅವಳು ಮುಚ್ಚಳ ತಿರುಗಿಸುವಷ್ಟರಲ್ಲಿ ಲಿಂಬು ಆಂಟಿ ಅದಕ್ಕೇ ಕೈ ಹಾಕಿದರು.

“ಅಯ್ಯೋ, ಶುಗರ್ ಇರೋರಿಗೆ ಸಿಹಿ ಕೊಡ್ತಾರೇನೇ? ಕೊಂದ್ಹಾಕ್ತೀಯಾ?”

“ಕೈ ಬಿಡಿ ಆಂಟಿ!”

ಇಡೀ ಕೋಣೆ ತಿರುಗಿ ನೋಡಿತು. ಆಂಟಿ ಕೈ ಬಿಟ್ಟರು. ಅವಳು ಮಾವನನ್ನು ಕುರ್ಚಿಗೆ ಒತ್ತಿ ಕೂರಿಸಿ ಬಾಟಲಿಯನ್ನು ತುಟಿಗೆ ಹಿಡಿದಳು. ಅವರು ತಳ್ಳಿದರು. ಜ್ಯೂಸು ಅವಳ ಸೀರೆಯ ಮೇಲೆಲ್ಲ ಚೆಲ್ಲಿತು.

“ನುಂಗಿ ಮಾವ. ನುಂಗೋಕೆ ಬರುತ್ತಲ್ಲ, ನುಂಗಿ. ಜಗಳ ಆಮೇಲೆ ಆಡೋಣ.”

ಒಂದು ಗುಟುಕು ಒಳಗೆ ಹೋಯಿತು. ಅರ್ಧ ಹೊರಗೆ. ಮತ್ತೊಂದು. ಸ್ವಲ್ಪ ಹೊತ್ತಿನಲ್ಲಿ ಕೈಯ ನಡುಕ ನಿಂತು, ಕಣ್ಣುಗಳು ಎಲ್ಲಿಂದಲೋ ವಾಪಸು ಬಂದು ಅವಳ ಮೇಲೆ ನೆಟ್ಟವು.

“ಸೀರೆ ಮೇಲೆ ಏನೇ ಅದು?”

“ನಿಮ್ಮ ತಲೆ!”

ಅಷ್ಟು ಹೊತ್ತಿಗೆ ಗುಮಾಸ್ತ ಬಾಗಿಲಲ್ಲಿ ನಿಂತು ಅಮ್ಮನ ಸರದಿ ಕೂಗಿದ. ಅವಳು ಒಂದು ಕೈಯಲ್ಲಿ ಮಾವನ ರಟ್ಟೆ ಹಿಡಿದುಕೊಂಡೇ ಒಳಗೆ ಹೋದಳು. ಅಮ್ಮನ ಹಣೆ ಮುಟ್ಟಿದಾಗ ಜ್ಯೂಸು ತಾಗಿದ ಅವಳ ಬೆರಳು ಜಿಗುಟಾಗಿತ್ತು. ಒಲೆಯ ಬಾಗಿಲು ತೆರೆಯಿತು, ಮುಚ್ಚಿತು. ಮಾವ ಮಗುವಿನಂತೆ ಬಿಕ್ಕಿದರು. ಅವಳಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಜ್ಯೂಸಿನ ಮೇಲೆ ಏನಾದರೂ ಗಟ್ಟಿಯಾದದ್ದು ಬೀಳದಿದ್ದರೆ ಇವರು ಮತ್ತೆ ಜಾರುತ್ತಾರೆ ಎಂದೇ ತಲೆ ಓಡುತ್ತಿತ್ತು.

ಗೇಟಿನ ಹೊರಗಿನ ಅಂಗಡಿಯಲ್ಲಿ ಬೆಣ್ಣೆ ಸವರಿದ ಬನ್ನು ಮಾತ್ರ ಇತ್ತು. ಎರಡು ತೆಗೆದುಕೊಂಡು ಒಂದನ್ನು ಮಾವನ ಕೈಗೆ ತುರುಕಿದಳು.

“ಬೀದೀಲಾ?”

“ಬೀದೀಲೇ.”

ಮಾವ ಗೊಣಗುತ್ತ ಕಚ್ಚಿದರು. ಅಗಿಯುತ್ತ ಅವಳ ಕೈಯಲ್ಲಿದ್ದ ಇನ್ನೊಂದು ಬನ್ನನ್ನು ನೋಡಿದರು.

“ನೀನು ಯಾವಾಗ ತಿಂದಿದ್ದು?”

ಅವಳಿಗೆ ನೆನಪಾಗಲಿಲ್ಲ. ಬೈಯಬೇಕೆಂದು ಬಾಯಿ ತೆರೆದವಳು ಬನ್ನನ್ನೇ ಕಚ್ಚಿದಳು. ಒಂದು ತುತ್ತಿಗೆ ಹಸಿವು ಎದ್ದು ಕೂತಿತು. ಇಬ್ಬರೂ ಗಬಗಬ ತಿಂದರು. ಮಾವನ ಗಲ್ಲದ ಮೇಲೆ ಬೆಣ್ಣೆ ಹತ್ತಿತ್ತು.

ಹಾರ್ನ್ ಹೊಡೆಯುತ್ತ ಮುಂದಿನ ಶವವಾಹನ ತಿರುವಿನಲ್ಲಿ ಬಂತು. ದಾರಿ ಕಿರಿದು. ಇಬ್ಬರೂ ಬಾಯಿ ತುಂಬ ಬನ್ನು ತುಂಬಿಕೊಂಡೇ ಕಾಂಪೌಂಡ್ ಗೋಡೆಗೆ ಬೆನ್ನು ಒತ್ತಿ ನಿಂತರು. ಗಾಡಿಯ ಕಿಟಕಿಯಲ್ಲಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಹೆಂಗಸೊಬ್ಬಳು ಅವರನ್ನೇ ನೋಡುತ್ತ ಹೋದಳು. ಮಗಳು ಅಗಿಯುವುದನ್ನು ನಿಲ್ಲಿಸಲಿಲ್ಲ.