ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಮುಂದಿನ ಸೀಟಿನವನ ಅಂಗಿಯ ಹೆಗಲು ಬಿಚ್ಚಿಕೊಂಡಿದೆ, ಯಾವ ಪುಣ್ಯಾತ್ಮ ಹೊಲಿದನೋ, ಹೊಲಿಗೆಗೆ ಬಟ್ಟೆಯನ್ನೇ ಬಿಟ್ಟಿಲ್ಲ, ನಾನಾಗಿದ್ದರೆ ಅರ್ಧ ಇಂಚು ಬಿಡುತ್ತಿದ್ದೆ, ಏನು ಅಳೆದರೂ ಅರ್ಧ ಇಂಚು ಸೇರಿಸಿಯೇ ಹೇಳುವ ಬಾಯಿ ನನ್ನದು, ಹೊಸಪೇಟೆಯಲ್ಲಿ ಯಾರನ್ನಾದರೂ ಕೇಳಿ, ಟೇಲರ್ ಅಂಜಿನಯ್ಯನ ಅಂಗಿ ಹರಿದೀತು, ಹೊಲಿಗೆ ಬಿಚ್ಚದು — ಮೋಟಾರು ಕಮಲಾಪುರ ದಾಟಿ ಆಗಲೇ ಎಷ್ಟು ಹೊತ್ತಾಯಿತು, ಕಬ್ಬು, ಬಾಳೆ, ಮತ್ತೆ ಕಬ್ಬು, ಇನ್ನೇನು ಕಂಪ್ಲಿ, ಎರಡು ಗಂಟೆಗೆ ಮಾಳಿಗೆ ಹತ್ತು, ಬೊಂಬಾಯಿಯ ಟಪಾಲು ವಿಮಾನ ನಿಮ್ಮ ಮನೆ ಮೇಲೇ ಹಾಯುತ್ತದೆ ಎಂದು ಉಚ್ಚೆಂಗಮ್ಮನಿಗೆ ಹೇಳಿ ಕಳಿಸಿದ್ದೇನೆ, ನನ್ನ ಹೆಂಡತಿ, ಯುಗಾದಿಯಿಂದ ತವರಿನಲ್ಲೇ ಕೂತಿದ್ದಾಳೆ, ನಂಟರ ಮದುವೆ ಊಟದ ಪಂಕ್ತಿಯಲ್ಲಿ ಸಂಡೂರು ಅರಮನೆಗೆ ಕೋಟು ಹೊಲಿದವನು ನಾನೇ ಎಂದುಬಿಟ್ಟೆ, ಪಕ್ಕದ ಎಲೆಗೆ ಕೂತವನೇ ಅರಮನೆಯ ದರ್ಜಿಯಾಗಿರಬೇಕೆ, ಅಣ್ಣಂದಿರ ಮುಂದೆ ಅವಳ ಮುಖ ಸಣ್ಣಗಾಯಿತು, ಅಲ್ಲಿಂದಲೇ ಅವರ ಬಂಡಿ ಹತ್ತಿದಳು, ನಿಮ್ಮದು ಒಂದ ಮಾತರ ಖರೆ ಆಗ್ಲಿ, ಅವತ್ತ ಬರ್ತೀನಿ ಅಂದಳು.

ಆಗದೆ ಏನು, ಇದು ಬಾಯಿಮಾತಲ್ಲ, ಹೆಡ್‌ಮಾಸ್ತರರ ಕೋಟಿನ ಅಳತೆಗೆ ಶಾಲೆಗೆ ಹೋದಾಗ ಗೋಡೆಯ ನಕ್ಷೆಯ ಮೇಲೂ ಟೇಪು ಹಿಡಿದೆ, ಬೊಂಬಾಯಿಂದ ವಿಮಾನ ಇಳಿಯುವ ಬಳ್ಳಾರಿಗೆ ನೆಟ್ಟಗೆ ಎಳೆದರೆ ಕಂಪ್ಲಿ ಟೇಪಿನ ಅಡಿಗೇ ಬಂತು, ಮೈಯೆಲ್ಲ ಜುಮ್ಮೆಂದಿತು, ಇಡೀ ದೇಶ ಬಿಟ್ಟು ನನ್ನ ಮಾವನ ಮಾಳಿಗೆ ಮೇಲೆ! ಇಂಚಿಗೆ ನೂರು ಮೈಲು, ವಿಮಾನ ಗಂಟೆಗೆ ನೂರು ಮೈಲು ಓಡುತ್ತದೆ ಎಂದರು ಮಾಸ್ತರರು, ಹಾಗಾದರೆ ಇಂಚಿಗೊಂದು ಗಂಟೆ, ಕಂಪ್ಲಿಗೆ ನಾಲ್ಕಿಂಚು, ಹತ್ತಕ್ಕೆ ಬೊಂಬಾಯಿ ಬಿಟ್ಟರೆ ಎರಡಕ್ಕೆ — ನಾಲ್ಕೇ? ಹೆಬ್ಬೆರಳು ಇದ್ದದ್ದು ಮೂರೂವರೆಯ ಗೆರೆಯ ಮೇಲೆ, ಬಾಯಿ ನಾಲ್ಕು ಎಂದಿತು, ಅಯ್ಯೋ ಶಿವನೇ, ಹೊಲಿಗೆಗೆ ಅರ್ಧ ಇಂಚು, ಆಕಾಶಕ್ಕೆ ಯಾವ ಹೊಲಿಗೆಯೋ ಮುಠ್ಠಾಳ, ಅರ್ಧ ಇಂಚೆಂದರೆ ಅರ್ಧ ಗಂಟೆ, ಒಂದೂವರೆಗೇ ಬಂದುಬಿಡುತ್ತದೆ, ಟೈಮ್ ಎಷ್ಟ್ರಿ, ಒಂದೂ ಇಪ್ಪತ್ತಂತೆ, ಜಲ್ದಿ ಬಿಡಪ್ಪ ಡ್ರೈವರಣ್ಣ, ಅವಳು ಒಲೆ ಮುಂದೆ ಇರುತ್ತಾಳೆ, ಎರಡಕ್ಕೆ ಮಾಳಿಗೆ ಹತ್ತಿ ಬರೀ ಹದ್ದು ನೋಡಿ ಇಳಿಯುತ್ತಾಳೆ, ಆಮೇಲೆ ಈ ಜನ್ಮದಲ್ಲಿ ನನ್ನ ಮಾತು ನಂಬುತ್ತಾಳೆಯೇ.

ಗುರ್ ಎನ್ನುತ್ತಿದೆ, ಮೋಟಾರಿನದಲ್ಲ, ಮೇಲಿನಿಂದ, ಡ್ರೈವರು ನಿಲ್ಲಿಸಿಯೇಬಿಟ್ಟ, ಎಲ್ಲರೂ ಕೆಳಗೆ ಹಾರಿ ಕತ್ತೆತ್ತಿದರು, ಬಂತು, ಬಂತು, ಕಂಪ್ಲಿಯ ಮೇಲಿಂದಲೇ ಬಂತು, ಎಷ್ಟು ಸಣ್ಣದು, ಎಷ್ಟು ಚಂದ, ಹೊತ್ತು ತಪ್ಪಿದ್ದೂ ಮರೆತು ನಾನೂ ಕುಣಿದೆ, ನನ್ನ ಟೇಪಿನ ಗೆರೆಯ ಮೇಲೇ ಬಳ್ಳಾರಿ ಕಡೆ ಹೋಯಿತು, ಹೋಗೇಬಿಟ್ಟಿತು — ಕಂಪ್ಲಿಯಲ್ಲಿ ಇಳಿದವನೇ ಓಟ, ಏನು ಹೇಳಲಿ, ಹಿಂದಿನ ಗಾಳಿ ಜೋರಿತ್ತು ಎನ್ನಲೇ, ಬೇಡ, ಮತ್ತೊಂದು ಸುಳ್ಳು ಬೇಡ, ಅಗೋ ಮಾವನ ಮನೆ, ಬಾಗಿಲಲ್ಲೇ ಉಚ್ಚೆಂಗಮ್ಮ, ವಿಮಾನದ ಸಪ್ಪಳ ಕೇಳಿ ರೊಟ್ಟಿ ತಟ್ಟುವುದು ಬಿಟ್ಟು ಮಾಳಿಗೆಗೆ ಓಡಿದೆ, ನೋಡಿದೆ ಎನ್ನುತ್ತಿದ್ದಾಳೆ, ಹೇಳಿದ ಹೊತ್ತಿಗೆ ಬರಲಿಲ್ಲವಲ್ಲ ಎಂದೆ, ಅವಳು ನಕ್ಕಳು, ನೀವು ಹೇಳಿದ್ದಕ್ಕಿಂತ ಅದು ಭಾಳ ಜೋರ ಓಡ್ತೈತಿ, ಹುಟ್ಟಿದ ಮ್ಯಾಲ ಇದ ಮೊದಲ ಸಲ ನೀವು ಇದ್ದದ್ದಕ್ಕಿಂತ ಕಮ್ಮಿ ಹೇಳೀರಿ ನೋಡ್ರಿ, ಹೊಸ್ತಿಲ ಮೇಲೆ ಅವಳ ಸೀರೆಗಳ ಗಂಟು, ಗಂಟಿನ ಮೇಲೆ ಜೋಳದ ಹಿಟ್ಟಿನ ಬೆರಳ ಗುರುತು, ಕೈ ಕೂಡ ತೊಳೆಯದೆ ಕಟ್ಟಿದ್ದಾಳೆ, ಬೆಳ್ಳನೆಯ ಬೆರಳು, ಹಿಟ್ಟಿನ ಐದು ಬೆರಳು —