ಕೈಗೆ ಕೊಟ್ಟ ಎಲೆ

ಸರ್ಕಾರದ ಕಣ್ಣಿನಲ್ಲಿ ನಮ್ಮ ಮಕ್ಕಳಿಗೆ ಹದಿನೆಂಟು ತುಂಬಿದ ದಿನವೇ ಅವರ ಎಲ್ಲ ಅಡಚಣೆಗಳೂ ಮಾಯವಾಗುತ್ತವೆ. ಹಿಂದಿನ ದಿನದವರೆಗೆ ಅವರಿಗೆ ಶಿಬಿರವುಂಟು, ಸಲಕರಣೆಯುಂಟು, ಮನೆತನಕ ಬಂದು ಪಾಠ ಹೇಳುವ ನನ್ನಂಥ ವಿಶೇಷ ಶಿಕ್ಷಕಿಯುಂಟು. ಮರುದಿನದಿಂದ ಯಾರೂ ಇಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ನಾಲ್ಕು ತಾಲ್ಲೂಕು ಸುತ್ತಿ ಚಪ್ಪಲಿ ಸವೆಸಿದವಳು ನಾನು. ಹಂಸಭಾವಿಯ ಲೋಹಿತ ಗಾಲಿಕುರ್ಚಿಯಲ್ಲಿ ಕೂತು ಎಸ್ಸೆಸ್ಸೆಲ್ಸಿ ಪಾಸಾದಾಗ ಪೇಪರಿನಲ್ಲಿ ಫೋಟೊ ಬಂದಿತ್ತು. ಈಗ ಅದೇ ಕುರ್ಚಿಯಲ್ಲಿ ಕೂತು ಬಾಗಿಲಿನಿಂದ ರಸ್ತೆ ನೋಡುತ್ತಾನೆ. ಹೋದಾಗಲೆಲ್ಲ "ಮುಂದೇನ್ರಿ ಮೇಡಂ?" ಎಂದು ಕೇಳುತ್ತಾನೆ. ಅವನಿಗೆ ಕೊಡಲು ನನ್ನ ಬಳಿ ಉತ್ತರವಿಲ್ಲ, ಸಿಟ್ಟು ಮಾತ್ರ ಇದೆ.

ಆದ್ದರಿಂದ ಹಾನಗಲ್ ಕಡೆಯ ಆಡೂರಿನ ವಿದ್ಯಾಶ್ರೀ ಹತ್ತನೆಯ ತರಗತಿಯಲ್ಲಿರುವಾಗಲೇ ಅವಳಿಗೊಂದು ಕೆಲಸ ಹುಡುಕಲು ಹೊರಟೆ. ಹುಟ್ಟಿನಿಂದಲೂ ಅವಳ ಬಲಗೈ ಮೊಣಕೈಯಲ್ಲಿ ಮಡಚಿಕೊಂಡು ಪಕ್ಕೆಗೆ ಅಂಟಿಕೊಂಡಿದೆ. ಬೆರಳು ಬಿಚ್ಚುವುದಿಲ್ಲ. ಬಲಗಾಲನ್ನು ಸ್ವಲ್ಪ ಎಳೆದು ಹಾಕುತ್ತಾಳೆ. ಓದು ತಲೆಗೆ ಹತ್ತುವುದು ನಿಧಾನ. ಮಾತು ಮಾತ್ರ ಅರಳು ಹುರಿದ ಹಾಗೆ. ಎಡಗೈ ಒಂದರಿಂದಲೇ ಜಡೆ ಹೆಣೆದುಕೊಳ್ಳುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ತುಂಬಿದ ಕೊಡ ಎತ್ತುತ್ತಾಳೆ. ಇಂಥ ಹುಡುಗಿಯನ್ನು ಮನೆಯಲ್ಲಿ ಕೂಡಿಸಿದರೆ ಗೋಡೆಗಳಿಗೂ ತಲೆನೋವು ಬಂದೀತು.

ಸವಣೂರು ನನ್ನ ಊರು. ಇನಾಯತನ ವೀಳ್ಯದೆಲೆ ಅಂಗಡಿ ಅಲ್ಲಿಯ ಮಾರ್ಕೆಟ್ಟಿನ ಬಾಯಲ್ಲೇ ಇದೆ. ಊರ ಹೊರಗೆ ಅವನದೇ ಎಲೆತೋಟ. ಅವನ ತಂದೆಯ ಕಾಲದಿಂದ ನಮ್ಮ ಮನೆಯ ಪೂಜೆಗೂ ಊಟದ ಮೇಲಿನ ತಾಂಬೂಲಕ್ಕೂ ಅವರ ಅಂಗಡಿಯ ಎಲೆಯೇ. ಆ ಸಲಿಗೆಯಿಂದ ಹೋಗಿ ಕೇಳಿದೆ.

"ಬರ್ಲಿ ಬಿಡ್ರಿ ಮೇಡಂ, ಒಂದ್ ತಿಂಗಳು ನೋಡೂಣು," ಎಂದ ಇನಾಯತ. "ಎಲಿ ಆರಿಸೂದು, ಪೆಂಡಿ ಕಟ್ಟೂದು ಕಲಸ್ತೇನಿ. ಸಂಜೀಮುಂದ ಕೈ ಸೋತು ಅಳಾಕತ್ರ ಮಾತ್ರ ನನಗ ಬೈಬ್ಯಾಡ್ರಿ."

ಆಡೂರಿನಲ್ಲಿ ಅವಳ ಅಪ್ಪ ಪರಮೇಶಪ್ಪ ಕೂಡಲೇ ಒಪ್ಪಿದ. ಅವ್ವ ಮಂಜವ್ವ ಒಪ್ಪಲಿಲ್ಲ. ಗೋಡೆಯ ಮೇಲಿನ ಬುದ್ಧನ ಫೋಟೊ ಒರೆಸುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು: "ನನ್ನ ಮಗಳ್ನ ನಾಕು ಮಂದಿ ಮುಂದ ಕುಂದರಸ್ತೀರಿ. ಕುಂದರಸ್ರಿ. ಆಕೀನ್ನ ಯಾರರೆ ಕೀಳು ಮಾಡಿದ್ದು ನನ್ನ ಕಣ್ಣಿಗೆ ಬಿತ್ತಂದ್ರ, ಅವತ್ತ ಬಸ್ ಹತ್ತಿಸ್ಕೊಂಡ ಬರ್ತೇನಿ. ಆಮ್ಯಾಲೆ ನೀವು ಬಂದ ಕರದ್ರೂ ಕಳಸೂದಿಲ್ರಿ."

ಹಾಗೆ ವಿದ್ಯಾಶ್ರೀ ಹತ್ತನೆಯದು ಪಾಸಾದ ಮೇಲೆ ಸವಣೂರಿಗೆ ಬಂದು ದೊಡ್ಡವ್ವ ಸರೋಜವ್ವನ ಮನೆಯಲ್ಲಿ ಉಳಿದಳು. ಕೆಲಸ ಬೇಗ ಹತ್ತಿತು. ಹಣ್ಣೆಲೆ ಬೇರೆ, ಹಸಿ ಎಲೆ ಬೇರೆ, ಚುಕ್ಕೆ ಬಿದ್ದದ್ದು ಬುಟ್ಟಿಗೆ. ತುದಿಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿ, ಬಾಳೆಯ ಪಟ್ಟೆ ಸುತ್ತಿ, ನಾರಿನ ಒಂದು ತುದಿಯನ್ನು ಆ ಮಡಚಿದ ಬಲಗೈ ಸಂದಿಯಲ್ಲಿ ಸಿಕ್ಕಿಸಿ, ಇನ್ನೊಂದನ್ನು ಎಡಗೈಯಿಂದ ಎಳೆದು ಪೆಂಡಿ ಬಿಗಿಯುತ್ತಿದ್ದಳು. ಆ ಕೈಯನ್ನು ನೇರ ಮಾಡಲು ನಾವು ಶಿಬಿರದ ಮೇಲೆ ಶಿಬಿರ ನಡೆಸಿದ್ದೆವು. ಅವಳು ಅದನ್ನು ಇದ್ದ ಹಾಗೆಯೇ ಇಕ್ಕಳ ಮಾಡಿಕೊಂಡಳು. ಹೇಳಿಕೊಳ್ಳಬಾರದು, ಆದರೂ ನನಗೆ ಹೆಮ್ಮೆಯಾಯಿತು.

ತೊಂದರೆ ಶುರುವಾದದ್ದು ಇನಾಯತ ಅವಳನ್ನು ಅಂಗಡಿಯ ಮುಂದೆ ಗಿರಾಕಿಗಳ ಎದುರು ಕೂಡಿಸಿದ ಮೇಲೆ. ನಮ್ಮ ಕಡೆ ಬಲಗೈ ತುಂಬಿದ್ದಾಗ ಯಾರಾದರೂ ಎಡಗೈಯಲ್ಲಿ ಏನನ್ನೋ ಕೊಟ್ಟರೆ "ಎಡಗೈ ರೀ, ತಪ್ಪು ತಿಳೀಬ್ಯಾಡ್ರಿ" ಎಂದು ಒಂದು ಮಾತು ಸೇರಿಸುತ್ತಾರೆ. ಉಪ್ಪಿನಕಾಯಿಗೆ ಅದು ಸಾಕು. ಎಲೆಗೆ ಸಾಲದು. ಎಲೆ ದೇವರಿಗೆ ಹೋಗುವಂಥದ್ದು, ಲಗ್ನಕ್ಕೆ ಹೋಗುವಂಥದ್ದು. ವಿದ್ಯಾಶ್ರೀ ನಗುನಗುತ್ತ ಎಡಗೈ ಚಾಚಿದರೆ ಗಿರಾಕಿಗಳ ಕೈ ಹಿಂದೆ ಸರಿಯುತ್ತಿತ್ತು. ಪಾನಪಟ್ಟಿಯವರಿಗೆ ಯಾವ ಕೈಯಾದರೂ ಒಂದೇ. ಮನೆಗೆ ಒಯ್ಯುವವರು ಮಾತ್ರ "ನೀ ಬ್ಯಾಡ, ಮಾಲಕರ್ನ ಕರಿ" ಎನ್ನುತ್ತಿದ್ದರು.

ಇನಾಯತ ಫೋನ್ ಮಾಡಿದ. "ಮೇಡಂ, ಹುಡುಗಿ ಚೊಲೊ ಅದಾಳ್ರಿ. ಖರೇ ಹೇಳ್ತೇನಿ, ನನ್ನ ಧಂದೆದಾಗ ಇಂಥಾ ಆಳು ಸಿಗೂದಿಲ್ಲ. ಆದ್ರ ಗಿರಾಕಿ ಮಾರಿ ತಿರುವಾಕತ್ತಾರ. ಒಳಗ ಕುಂದರಸ್ಲೇನ್ರಿ?"

ಒಳಗೆಂದರೆ ಅಂಗಡಿಯ ಹಿಂದಿನ ಕತ್ತಲೆ ಕೋಣೆ. ಗೋಣಿಚೀಲ, ಒದ್ದೆ ಗೋಡೆ, ಮಾತಿಗೆ ಒಂದು ನರಪಿಳ್ಳೆಯೂ ಇಲ್ಲ. ಮೊದಲ ವಾರ ಅಲ್ಲಿಯೇ ಕಲಿತವಳು ಅವಳು. "ಒಳಗ ಕುಂದ್ರೂದಾದ್ರ ಆಡೂರಾಗ ಕುಂದರ್ತಿದ್ದೆ, ಮೇಡಂ" ಎಂದು ಆಗಲೇ ನನಗೆ ಹೇಳಿದ್ದಳು. ಇಲ್ಲಿ ಕೆಲಸ ಹೋದರೆ ಅವಳಿಗೆ ಉಳಿಯುವುದು ದನದ ಹಗ್ಗ ಮತ್ತು ಒಲೆಯ ಮುಂದಿನ ಗೋಡೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಾನೊಂದು ಉಪಾಯ ಹೂಡಿದೆ. ಕೈಗೆ ಕೊಡುವ ಗೋಜೇ ಬೇಡ. ಅಂಗಡಿಯ ಮುಂದೆ ಅಗಲವಾದ ಹಲಗೆಯಿದೆ. ಎಲೆಯನ್ನು ಅದರ ಮೇಲಿಟ್ಟು ಕೈ ಹಿಂದೆ ತೆಗೆದುಕೊಂಡರಾಯಿತು. ಗಿರಾಕಿ ತನ್ನ ಬಲಗೈಯಿಂದ ಎತ್ತಿಕೊಳ್ಳಲಿ, ರೊಕ್ಕವನ್ನೂ ಅಲ್ಲೇ ಇಡಲಿ. ಎಡ ಬಲದ ತಂಟೆಯೇ ಇಲ್ಲ.

ನನಗಿದು ಬಲು ಸಹಜವಾಗಿ ಹೊಳೆಯಿತು. ನಮ್ಮ ತಾಯಿ ಪದ್ಮಾಬಾಯಿ ಪೂಜೆ ಮುಗಿಯುವ ತನಕ ಮಡಿಯಲ್ಲಿರುತ್ತಾರೆ. ಹೂವಿನ ಬುಟ್ಟಿಯಾಗಲಿ, ಹಾಲಿನ ತಂಬಿಗೆಯಾಗಲಿ, ಅವರ ಕೈಗೆ ಕೊಡುವಂತಿಲ್ಲ. ಮುಂದಿಟ್ಟು ಸರಿಯಬೇಕು, ಅವರು ಎತ್ತಿಕೊಳ್ಳುತ್ತಾರೆ. ಹೆತ್ತ ಮಗಳೇ ಹೀಗೆ ಇಟ್ಟು ಸರಿದು ಬೆಳೆದವಳು. ಅದರಲ್ಲಿ ಕೀಳೆಂಬುದು ಇರಬಹುದೆಂದು ನನ್ನ ತಲೆಗೆ ಬರುವುದಾದರೂ ಹೇಗೆ?

ಉಪಾಯ ಫಲಿಸಿತು. ಗಿರಾಕಿಗಳು ಮುಖ ತಿರುವುವುದು ನಿಂತಿತು. ವಿದ್ಯಾಶ್ರೀ ಮಾತ್ರ ಇಟ್ಟು ಸರಿಯುವಾಗ ಸುಮ್ಮನಾಗುತ್ತಿದ್ದಳು. ನಾನು ಅದನ್ನು ಗಂಭೀರತೆ, ದುಡಿಯುವವರ ಲಕ್ಷಣ ಎಂದುಕೊಂಡೆ. ಶಿಗ್ಗಾವಿಯ ಸಭೆಯೊಂದರಲ್ಲಿ ಇದನ್ನು ಹೇಳಿ ಚಪ್ಪಾಳೆ ಬೇರೆ ಗಿಟ್ಟಿಸಿದೆ.

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ನಾನು ಅಂಗಡಿಗೆ ಹೋದಾಗ ಮಂಜವ್ವ ಎದುರಿನ ಖಾರದ ಅಂಗಡಿಯ ನೆರಳಿನಲ್ಲಿ ರೊಟ್ಟಿಗಂಟು ಹಿಡಿದು ನಿಂತಿದ್ದಳು. ಮಗಳನ್ನು ಕರೆದಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಒಬ್ಬ ಹೆಂಗಸು ಬಂದಳು. ವಿದ್ಯಾಶ್ರೀ ಎಲೆ ಹಲಗೆಯ ಮೇಲಿಟ್ಟು ಕೈ ಹಿಂದೆ ತೆಗೆದಳು. ಆ ಹೆಂಗಸು ರೊಕ್ಕ ಹಲಗೆಯ ಮೇಲಿಟ್ಟು ಎಲೆ ಎತ್ತಿಕೊಂಡು ಹೋದಳು.

ಮಂಜವ್ವ ರಸ್ತೆ ದಾಟಿ ಬಂದಳು. "ಇದನ್ ಯಾರ್ ಕಲಿಸಿದ್ರು?"

"ನಾನ ಕಲಿಸೀನ್ರಿ," ಎಂದೆ, ಹೊಗಳಿಕೆಗೆ ತಯಾರಾಗಿ. "ಈಗ ಯಾರೂ ಏನೂ ಅನ್ನೂದಿಲ್ಲ ನೋಡ್ರಿ."

"ಅನ್ನೂದ್ಯಾಕ್ರಿ? ನಮ್ಮ ಆಯಿ ಅಂಗಡಿಗೆ ಹೋದ್ರೂ ಯಾರೂ ಏನೂ ಅಂತಿರಲಿಲ್ಲ. ಉಪ್ಪು ಕಟ್ಟಿ ಮ್ಯಾಲೆ ಇಡತಿದ್ರು. ಆಕಿ ರೊಕ್ಕ ನೆಲದ ಮ್ಯಾಲೆ ಇಡಬೇಕಿತ್ತು. ಅವರು ಅದರ ಮ್ಯಾಲೆ ನೀರ ಚಿಮಕಿಸಿ ತಗೋತಿದ್ರು. ಸಾಯೂತನಕ ಆಕಿ ಕೈಗೆ ಅಂಗಡ್ಯಾಗ ಯಾರೂ ಏನೂ ಕೊಡಲಿಲ್ಲ, ಆಕಿ ಕೈಯಿಂದ ಏನೂ ತಗೋಲಿಲ್ಲ." ಮಂಜವ್ವನ ದನಿ ಏರಲಿಲ್ಲ. ಅದೇ ನನಗೆ ಹೆಚ್ಚು ತಾಗಿತು. "ಅದನ್ನ ಬಿಡಿಸ್ಕೋಳಾಕ ನಮ್ಮ ಹಿರ್ಯಾರು ಜೀವಾ ತೇದ್ರು. ನೀವು ನನ್ನ ಮಗಳಿಗೆ ಸಾಲಿ ಕಲಿಸಿ, ಪಾಸ್ ಮಾಡಿಸಿ, ಮತ್ತ ಅದನ್ನ ಕಲಿಸಿದ್ರಿ. ವಿದ್ಯಾ, ಚೀಲ ತಗೋ, ನಡಿ."

ನನಗೆ ಮೊದಲು ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ, ತಪ್ಪು ನನ್ನದಿದ್ದಾಗ ಮೂಗಿನ ತುದಿಯಲ್ಲಿರುವುದು ಸಿಟ್ಟೇ. "ಅದಕ್ಕೂ ಇದಕ್ಕೂ ಏನ್ ಸಂಬಂಧ್ರಿ? ಎಡಗೈ ಅಂತ ಹಿಂಗ ಮಾಡಿದ್ದು. ಮನ್ಯಾಗ ಏನದ ಅಕಿಗೆ?"

"ಮನ್ಯಾಗ ಆಕಿ ಎಡಗೈಲೆ ಬಡದ ರೊಟ್ಟಿ, ಎಡಗೈಲೆ ಕೊಟ್ರ, ಅವರಪ್ಪ ಕೈಯೊಡ್ಡಿ ತಗೋತಾನ್ರಿ."

ಮಡಿಯ ಅಮ್ಮ ಪೂಜೆ ಮುಗಿಸಿ ಎದ್ದ ಮೇಲೆ ನನ್ನನ್ನು ಮುಟ್ಟುತ್ತಿದ್ದರು, ತಲೆ ಬಾಚುತ್ತಿದ್ದರು. ಮಂಜವ್ವನ ಅಜ್ಜಿಗೆ ಆ ಪೂಜೆ ಎಂದೂ ಮುಗಿಯಲಿಲ್ಲ. ವಿದ್ಯಾಶ್ರೀ ಗೋಡೆಯ ಮೊಳೆಯಿಂದ ಚೀಲ ತೆಗೆದು ಕೊರಳಿಗೆ ಹಾಕಿಕೊಂಡಳು.

ಅಷ್ಟರಲ್ಲಿ ರಾಘಣ್ಣ ಬಂದ. ನಮ್ಮ ಓಣಿಯವನೇ, ದೂರದ ಬಳಗ, ಮಠದ ಅಡಿಗೆಯ ಉಸ್ತುವಾರಿ. ಅವನ ಮೊಮ್ಮಗಳ ಲಗ್ನಕ್ಕೆ ದೊಡ್ಡ ಪೆಂಡಿಯೊಂದನ್ನು ಹೇಳಿಟ್ಟಿದ್ದ. ಅದನ್ನು ಕಟ್ಟಿದ್ದವಳು ವಿದ್ಯಾಶ್ರೀ. ಇನಾಯತ ಎದ್ದು ನಿಲ್ಲುವ ಮೊದಲೇ ಚೀಲ ಕೊರಳಲ್ಲಿದ್ದ ಹುಡುಗಿ ಪೆಂಡಿಯನ್ನು ಎಡ ಅಂಗೈ ಮೇಲೆ ಎತ್ತಿ ಮುಂದೆ ಹಿಡಿದಳು.

ರಾಘಣ್ಣ ಕೈ ಚಾಚಲಿಲ್ಲ. "ಇನಾಯತ, ನೀನ ಕೊಡು. ಲಗ್ನದ್ದು ಅದ."

ಎಡಗೈ ಒಂದೇ ಕಾರಣವೋ, ಬೇರೆ ಏನಾದರೂ ಇತ್ತೋ, ಅವನ ಹೊಟ್ಟೆ ಹೊಕ್ಕು ನಾನು ನೋಡಿಲ್ಲ. ಇನಾಯತ ಅತ್ತ ಹಳೆಯ ಗಿರಾಕಿಯನ್ನು ನೋಡಿದ, ಇತ್ತ ಹುಡುಗಿಯನ್ನು ನೋಡಿದ. ಅವನು ಪೂರ್ತಿ ಏಳಲೂ ಇಲ್ಲ, ಮತ್ತೆ ಕೂರಲೂ ಇಲ್ಲ.

"ಹಂಗಾದ್ರ ಆ ಹಲಗಿ ಮ್ಯಾಲೆ ಇಡವಾ. ನಾ ತಗೋತೀನಿ," ಎಂದ ರಾಘಣ್ಣ. ಕೆಟ್ಟ ದನಿಯಲ್ಲೇನೂ ಅಲ್ಲ.

ವಿದ್ಯಾಶ್ರೀ ಹಲಗೆ ನೋಡಿದಳು. ಅವ್ವನನ್ನು ನೋಡಿದಳು. ಇಡಲಿಲ್ಲ.

ಈ ಕಗ್ಗಂಟು ಬಿಡಿಸುವವಳು ನಾನೇ ಎಂದು "ಕೊಡಿಲ್ಲೆ, ನಾ ಕೊಡ್ತೀನಿ" ಎನ್ನುತ್ತ ಕೈ ಮುಂದೆ ಮಾಡಿದೆ. ಮಂಜವ್ವ ನನ್ನತ್ತ ತಿರುಗಿದಳು. ನಾನು ಹಲಗೆಯ ಜಾಗಕ್ಕೆ ನನ್ನನ್ನೇ ಇಡಲು ಹೊರಟಿದ್ದೆ. ಚಾಚಿದ ಕೈಯನ್ನು ಸೆರಗಿನಲ್ಲಿ ಹುದುಗಿಸಿಕೊಂಡೆ.

ಪೆಂಡಿ ಹಾಗೇ ಗಾಳಿಯಲ್ಲಿತ್ತು. ನೀರು ಹೊಡೆದ ಎಲೆ, ಒಳ್ಳೆಯ ಭಾರ. ನೋಡನೋಡುತ್ತ ವಿದ್ಯಾಶ್ರೀಯ ಕೈ ನಡುಗತೊಡಗಿತು.

"ಅಜ್ಜಾರ, ಕೈ ಸೋಲಾಕತ್ತೇತ್ರಿ," ಎಂದಳು. "ಹಿಡೀತೀರೋ, ಬಿಡ್ಲೋ?"

ಹೇಳುತ್ತಿದ್ದಂತೆ ಪೆಂಡಿ ಒಂದು ಕಡೆ ವಾಲಿತು. ಎಡಗೈಯ ಎಲೆಗಿಂತ ದೊಡ್ಡ ಅಪಶಕುನ ಒಂದಿದೆ, ಅದು ಮಣ್ಣಿಗೆ ಬಿದ್ದ ಎಲೆ. ಲಗ್ನದ ಎಲೆ ನೆಲ ಮುಟ್ಟಿತೆಂದರೆ ಮನೆಯ ಮುದುಕಿಯರು ರಾಘಣ್ಣನನ್ನು ಹಂದರದೊಳಗೆ ಬಿಟ್ಟುಕೊಳ್ಳುವುದಿಲ್ಲ.

"ಹಾಂ ಹಾಂ ಹಾಂ, ಬಿಡಬ್ಯಾಡ, ಬಿಡಬ್ಯಾಡ!" ಎನ್ನುತ್ತ ರಾಘಣ್ಣ ಎರಡೂ ಕೈ ಚಾಚಿ ಮುಂದೆ ಹಾರಿದ. ವಿದ್ಯಾಶ್ರೀ ಪೆಂಡಿಯನ್ನು ಮೆಲ್ಲಗೆ ಅವನ ಬೊಗಸೆಯಲ್ಲಿಟ್ಟಳು. ಅವಳ ಬೆರಳು ಅವನ ಬೆರಳಿಗೆ ತಾಗಿತು. ಆಕಾಶ ಕಳಚಿ ಬೀಳಲಿಲ್ಲ.

ರಾಘಣ್ಣ ಪೆಂಡಿಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದ. "ಎಲಿ ಛಲೋ ಅದ," ಎಂದ, ಯಾರಿಗೆಂದು ಹೇಳದೆ. ರೊಕ್ಕ ತೆಗೆದು ಹಲಗೆಯ ಕಡೆ ಬಾಗಿದ. ವಿದ್ಯಾಶ್ರೀಯ ಎಡಗೈ ಇನ್ನೂ ಚಾಚಿಯೇ ಇತ್ತು. ರೊಕ್ಕವನ್ನು ಅದರಲ್ಲಿಟ್ಟು, ನನ್ನನ್ನು ಕಂಡರೂ ಕಾಣದವನಂತೆ ನಡೆದುಬಿಟ್ಟ.

ಅವನು ತಿರುವು ದಾಟಿದ ಮೇಲೆ ಇನಾಯತ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸಾಕಾದ ಮೇಲೆ ಎಲೆ ತೋಯಿಸುವ ಬಕೆಟ್ಟನ್ನು ಎತ್ತಿ ತಂದು ಹಲಗೆಯ ನಟ್ಟನಡುವೆ ಇಟ್ಟ. ಪಕ್ಕದಲ್ಲಿ ತಕ್ಕಡಿ, ಅದರ ಪಕ್ಕದಲ್ಲಿ ಬಾಳೆಪಟ್ಟೆಯ ರಾಶಿ. ಒಂದು ಎಲೆ ಇಡುವಷ್ಟೂ ಜಾಗ ಉಳಿಯಲಿಲ್ಲ.

"ಇನ್ನ ಮ್ಯಾಲೆ ಇಲ್ಲೆ ಏನೂ ಇಡಾಕ ಬರೂದಿಲ್ಲ," ಎಂದ. "ಬೇಕಾದಾವ್ರು ಕೈಯಾಗ ತಗೋತಾರ, ಬ್ಯಾಡಾದಾವ್ರು ಮುಂದಿನ ಅಂಗಡಿಗೆ ಹೋಗ್ತಾರ. ಮಂಜವ್ವಾರ, ಹುಡುಗೀನ್ನ ಒಯ್ಯಬ್ಯಾಡ್ರಿ. ಲಗ್ನದ ಸೀಜನ್ ಐತಿ, ನಾ ಒಬ್ಬಾಂವ ಸಾಯ್ತೇನಿ."

ಮಂಜವ್ವ ಮಗಳ ಕೊರಳಿನಿಂದ ಚೀಲ ತೆಗೆದು ಮತ್ತೆ ಮೊಳೆಗೆ ತಗುಲಿಸಿದಳು.

ನಾನು ವಿದ್ಯಾಶ್ರೀಯ ಕಿವಿಯಲ್ಲಿ ಕೇಳಿದೆ: "ಖರೇನ ಬೀಳ್ತಿತ್ತೇನ ಅದು?"

"ತುಂಬಿದ ಕೊಡಾ ಹೊತ್ತ ಕೈ ರೀ ಇದು, ಮೇಡಂ," ಎಂದು ಕಿಸಕ್ಕನೆ ನಕ್ಕು, ನಿಂತುಹೋಗಿದ್ದ ಮಾತನ್ನೆಲ್ಲ ಒಟ್ಟಿಗೇ ಆಡತೊಡಗಿದಳು.

ಮಂಜವ್ವ ಹೊರಡುವಾಗ, "ನನಗೂ ಒಂದು ಎಲಿ ಕೊಡವಾ" ಎಂದಳು. ವಿದ್ಯಾಶ್ರೀ ಬುಟ್ಟಿ ಕೆದಕಿ, ಎಳೆಯದೊಂದನ್ನು ಆರಿಸಿ, ಲಂಗಕ್ಕೆ ಒರೆಸಿ ಕೊಟ್ಟಳು. ಮಂಜವ್ವ ಬಲಗೈ ಒಡ್ಡಿ ತೆಗೆದುಕೊಂಡಳು.

ಬಸ್ ಸ್ಟ್ಯಾಂಡಿನವರೆಗೆ ನಾನೂ ಜೊತೆಗೆ ಹೋದೆ. ಕ್ಷಮೆ ಕೇಳಬೇಕೆಂದುಕೊಂಡೆ. ಆಕೆಗೆ ಅದರ ನಿರೀಕ್ಷೆ ಇದ್ದಂತೆ ಕಾಣಲಿಲ್ಲ. ಹಾನಗಲ್ ಬಸ್ಸು ಬಂತು, ತುಂಬಿ ತುಳುಕುತ್ತಿತ್ತು. ಜನ ಬಾಗಿಲಿಗೆ ನುಗ್ಗಿದರು.

"ಎಲಿ ಚೀಲದಾಗ ಹಾಕ್ಕೋರಿ ಮಂಜವ್ವಾರ. ಎರಡೂ ಕೈಲೆ ಹಿಡದು ಹತ್ರಿ," ಎಂದೆ.

"ಇರ್ಲಿ ಬಿಡ್ರಿ," ಎಂದಳು. ಎಲೆಯಿದ್ದ ಬಲಗೈಯನ್ನು ಎದೆಗೊತ್ತಿಕೊಂಡು, ಎಡಗೈ ಒಂದರಿಂದಲೇ ಕಂಬಿ ಹಿಡಿದು ಬಸ್ಸು ಹತ್ತಿದಳು.