ಹಳೇ ತಾರೀಖು

ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಸೋದರಮಾವ ಒಂದೇ ಒಂದು ಅಕ್ಷರ ತಪ್ಪಿದವರಲ್ಲ ಎಂಬುದನ್ನು ನಿರ್ದೇಶಕಿ ಚಿಕ್ಕಂದಿನಿಂದ ಕೇಳಿದ್ದಳು. ಒಂದು ಕಾಮಾ ಬಿಟ್ಟುಹೋದರೂ ಇಡೀ ಹಾಳೆ ಹರಿದು ಹೊಸದಾಗಿ ಹೊಡೆಯುತ್ತಿದ್ದರಂತೆ. ಅದಕ್ಕೇ ಕಚೇರಿಯಲ್ಲಿ ಅವರ ಹೆಸರು ಕಾಮಾ, ಮನೆಯಲ್ಲಿ ಕಾಮಾ ಮಾವ. ಮದುವೆ ಪತ್ರಿಕೆ ಕೈಗೆ ಕೊಟ್ಟರೆ ಗಂಡು ಹೆಣ್ಣು ಯಾರೆಂದು ನೋಡುವ ಮೊದಲೇ ಕಾಗುಣಿತ ನೋಡುವ ಪೈಕಿ. ಅಂಥವರು ಕ್ಯಾಮೆರಾ ಮುಂದೆ ಒಂದು ಮಾತನ್ನು ತಪ್ಪಾಗಿ ಹೇಳಿದರು ಎಂದು ಅವಳು ನಂಬಿದಳಲ್ಲ, ಅವಳ ಬುದ್ಧಿಗೆ ಏನು ಹೇಳಬೇಕು.

ಅವಳ ಸಿನಿಮಾ ಕಾಲುವೆ ಪಕ್ಕದ ಕಾಲೋನಿಯದ್ದು. ಒಂದೇ ಬೆಳಗ್ಗೆ ನೂರಿಪ್ಪತ್ತು ಮನೆ ನೆಲಸಮವಾದ ಕಾಲೋನಿ. ನೋಟಿಸಿನ ಗಡುವು ಮುಗಿದಿದೆ ಎಂದು ತೋರಿಸಲು ಆದೇಶಕ್ಕೆ ಹದಿನೈದು ದಿನ ಹಿಂದಿನ ತಾರೀಖು ಹಾಕಲಾಗಿತ್ತು. ಆ ತಾರೀಖನ್ನು ಹೊಡೆದ ಬೆರಳು ಮಾವನದ್ದು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಿರ್ಮಾಪಕ ಎಂಬ ಪ್ರಾಣಿ ಆ ಸಿನಿಮಾಕ್ಕೆ ಇರಲಿಲ್ಲ. ಗೆಳತಿಯ ಮನೆಯ ಹಾಲ್ ಮಂತ್ರಿಯ ಕೋಣೆಯಾಯಿತು; ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಮಂತ್ರಿಯಾದರು, ಚೆನ್ನಾಗಿಯೇ ಹೆದರಿಸಿದರು. ಟೈಪಿಸ್ಟನ ಪಾತ್ರಕ್ಕೆ ಮಾವನೇ ಬಂದು ಕೇಳಿದರು. ಗ್ರೂಪ್ ಫೋಟೋದಲ್ಲೂ ಬಾಗಿಲ ಹಿಂದೆ ನಿಲ್ಲುವ ಮನುಷ್ಯ. ವಯಸ್ಸಾದ ಮೇಲೆ ಬಣ್ಣ ಹಚ್ಚುವ ಆಸೆ ಎಂದು ಅವಳು ನಕ್ಕಳು.

ಶೂಟಿಂಗ್ ದಿನ ಮಾವ ತಮ್ಮದೇ ಮಷೀನನ್ನು ಒರೆಸಿ ತಂದರು. ಶಬ್ದ ಬರುತ್ತದೆಂದು ಫ್ಯಾನ್ ಆರಿಸಿದ್ದರಿಂದ ಎಲ್ಲರೂ ಬೆವರುತ್ತಿದ್ದರು. ಅವರಿಗಿದ್ದದ್ದು ಒಂದೇ ಮಾತು. ಕ್ಯಾಮೆರಾ ಓಡಿತು. ಮಾವ ಕೀಲಿಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದರು.

“ಹಳೇ ತಾರೀಖು ನಾನೇ ಹಾಕ್ದೆ.”

ಕ್ಯಾಮೆರಾ ಹಿಡಿದವನು ಉಸಿರು ಬಿಡುವುದನ್ನೂ ಮರೆತಿದ್ದ. ನಿರ್ದೇಶಕಿ ಮಾತ್ರ ಕಟ್ ಎಂದಳು.

“ಮಾವ, ಹಾಕ್ಸಿದ್ರು ಅನ್ಬೇಕು. ನನ್ ಕೈಲಿ ಹಳೇ ತಾರೀಖು ಹಾಕ್ಸಿದ್ರು.”

“ಹಾಕ್ದೆ ಅಂದ್ರೆ ಆಗಲ್ವಾ?”

“ಹೇಗಾಗತ್ತೆ? ನೀವು ಪಾಪದೋರು. ತಪ್ಪೆಲ್ಲ ಮೇಲಿನೋರದ್ದು. ಕಥೆನೇ ಅದಲ್ವಾ?”

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. “ಸರಿ. ನೀನು ಬರ್ದು ಕೊಟ್ಟ ಹಾಗೆ ಹೊಡೀತೀನಿ,” ಎಂದರು.

ಈ ಮಾತನ್ನು ಅವರು ಮೊದಲು ಕಚೇರಿಯಲ್ಲಿ ಯಾರಿಗೆ ಹೇಳಿರಬಹುದೆಂದು ಅವಳಿಗೆ ಆಗ ಹೊಳೆಯಲಿಲ್ಲ. ನಾಲಿಗೆ ಮತ್ತೆ ಮತ್ತೆ ಹಾಕ್ದೆ ಎನ್ನುತ್ತಿತ್ತು, ಅವಳು ಮತ್ತೆ ಮತ್ತೆ ತಿದ್ದಿದಳು. ಹನ್ನೊಂದನೇ ಟೇಕಿಗೆ ಅವಳಿಗೆ ಬೇಕಾದಂತೆ ಬಂತು. ಇದ್ದದ್ದು ಎರಡೇ ಡಿಸ್ಕು. ಬೇಡದ ಟೇಕುಗಳನ್ನೆಲ್ಲ ಸಂಜೆ ಅಳಿಸಿ ಜಾಗ ಮಾಡಿಕೊಂಡರು.

ಸಿನಿಮಾಕ್ಕೆ ಥಿಯೇಟರ್ ಸಿಗಲಿಲ್ಲ, ಹೆಸರು ಸಿಕ್ಕಿತು. ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಂದು ಪತ್ರಿಕೆ ಟೈಪಿಸ್ಟನ ಆ ಒಂದು ಮಾತಿಗೇ ಅರ್ಧ ಅಂಕಣ ಬರೆಯಿತು. ಯಾರೋ ಪುಢಾರಿ ನೋಡದೆಯೇ ದೂರು ಕೊಟ್ಟ, ಅದರಿಂದ ನೋಡುವವರು ಹೆಚ್ಚಾದರು. ಅವಳು ಹಿಗ್ಗಿ ಹೀರೇಕಾಯಿಯಾದಳು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಕಾರ್ಮಿಕ ಸಂಘದ ಹಾಲಿನಲ್ಲಿ, ಕಾಲೋನಿಯವರಿಗಾಗಿಯೇ ಒಂದು ಪ್ರದರ್ಶನ ಇಟ್ಟಳು. ಮಾವ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದು ಎರಡನೇ ಸಾಲಿನಲ್ಲಿ ಕೂತರು.

ಸಿನಿಮಾ ಮುಗಿಯಿತು, ದೀಪ ಹತ್ತಿತು. ಆ ಕಾಲೋನಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಹೆಂಗಸು ಎದ್ದು ನಿಂತಳು.

“ಚೆನ್ನಾಗಿ ತೆಗ್ದಿದ್ಯಮ್ಮ. ಆದ್ರೆ ಮಂತ್ರಿ ಮಾಡ್ಸಿದ, ಆಫೀಸರ್ ಬರೆಸಿದ, ಆ ಯಜಮಾನ್ರ ಕೈಲಿ ತಾರೀಖು ಹಾಕ್ಸಿದ್ರು. ಎಲ್ಲಾ ಮಾಡ್ಸಿದೋರೇ. ಮಾಡ್ದೋರು ಯಾರು? ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡ್ದೋರೇ ಇಲ್ಲ, ಉಂಡೋರು ಮಾತ್ರ ನಾವು.”

ಹಾಲ್ ನಕ್ಕಿತು. ಹೆಂಗಸು ನಗಲಿಲ್ಲ. ಮಾವ ಮುಂದಿನ ಕುರ್ಚಿಯ ಬೆನ್ನು ಹಿಡಿದು ಅರ್ಧ ಎದ್ದರು. ತುಟಿ ಅಲುಗುತ್ತಿತ್ತು. ನಿರ್ದೇಶಕಿಗೆ ಕಂಡದ್ದು ಅವಮಾನಕ್ಕೆ ಸಿಕ್ಕಿಬೀಳಲಿರುವ ಮುದುಕ. ಮಾವನನ್ನು ಉಳಿಸಬೇಕೆಂದು ಮೈಕ್ ಬಾಯಿಗಿಟ್ಟು, “ಅದು ವ್ಯವಸ್ಥೆ ಅಮ್ಮ. ಒಬ್ಬರ ಕಡೆ ಬೆರಳು ತೋರ್ಸೋಕಾಗಲ್ಲ,” ಎಂದಳು. ಹಿಂದಿನ ಸಾಲಿನಲ್ಲಿದ್ದ, ಸಂಘದವರು ಕರೆದಿದ್ದ ಕಾಲೇಜು ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು. ಮಾವ ಕೂತುಬಿಟ್ಟರು.

“ವ್ಯವಸ್ಥೆನಾ. ಸರಿ ಬಿಡಮ್ಮ,” ಎಂದು ಹೆಂಗಸು ಚೀಲ ಎತ್ತಿಕೊಂಡು ಹೊರಟಳು.

ಇಬ್ಬರೂ ಬಸ್ ಸ್ಟಾಪಿಗೆ ಬಂದು ನಿಂತರು. ಮಾವ, “ಮೊದಲ್ನೇ ಸಲ ಹೇಳಿದ್ನಲ್ಲ, ಅದು ಇದ್ಯಾ?” ಎಂದು ಕೇಳಿದರು.

“ಅಳಿಸಿಬಿಟ್ವಿ ಮಾವ.”

“ಕಾರ್ಬನ್ ಕಾಪಿ ಇಟ್ಕೊಳ್ಳೋ ಅಭ್ಯಾಸ ಇಲ್ವಾ ನಿಮ್ಮಲ್ಲಿ?”

ಆಗ ಅವಳಿಗೆ ಅರ್ಥವಾಯಿತು. ಮಾವ ಅವತ್ತು ಮಾತನ್ನು ತಪ್ಪಾಗಿ ಹೇಳಿರಲಿಲ್ಲ.

“ಕ್ಯಾಮೆರಾ ಮುಂದೆ ಒಂದ್ಸಲ ಹೇಳಿದ್ರೆ ಆ ಜನದ ಮುಂದೆ ಹೇಳೋ ಧೈರ್ಯ ಬರತ್ತೆ ಅನ್ಕೊಂಡಿದ್ದೆ,” ಎಂದರು ಮಾವ.

“ಈಗ್ಲೇ ಹೋಗೋಣ ಮಾವ. ಆಯಮ್ಮ ಇನ್ನೂ ದೂರ ಹೋಗಿರಲ್ಲ. ನಾನೂ ಬರ್ತೀನಿ.”

“ಬಾಯಿಗೆ ಬರಲ್ಲಮ್ಮ ಈಗ. ಅಲ್ಲಿ ಎದ್ದಾಗ ಒಳಗೊಳಗೇ ಹೇಳ್ನೋಡ್ದೆ. ಹಾಕ್ಸಿದ್ರು ಅಂತಾನೇ ಬಂತು.” ತಮ್ಮ ಬೆರಳುಗಳನ್ನು ನೋಡಿಕೊಂಡರು. “ಹನ್ನೊಂದು ಸಲ ಹೇಳ್ಸಿದ್ಯಲ್ಲ.”

“ತಪ್ಪಾಯ್ತು ಮಾವ.”

“ತಾನಾಗೇ ಆಯ್ತಾ?”

“ಇಲ್ಲ. ನಾನೇ ಮಾಡ್ದೆ.”

ಮಾವ ತಲೆಯಾಡಿಸಿದರು. “ನೋಡು, ನಿಂಗೆ ಎರಡ್ನೇ ಸಲಕ್ಕೆ ಬಂತು,” ಎಂದರು. “ನಂಗೆ ಮೊದಲ್ನೇ ಸಲಕ್ಕೇ ಬಂದಿತ್ತು.”